ಖಾಲಾ ಮನೆಯ ಬಾವುಟ

ಫೆಬ್ರವರಿ ಬಂತೆಂದರೆ ನಮ್ಮ ಮಂಗಾಫಿನ ಜಮೀಯಾದ ಬಾಗಿಲಲ್ಲೇ ಬಾವುಟಗಳ ರಾಶಿ ಬೀಳುತ್ತದೆ. ಜಮೀಯಾ ಎಂದರೆ ಬಡಾವಣೆಯ ಸಹಕಾರಿ ಅಂಗಡಿ; ಈರುಳ್ಳಿಯಿಂದ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲ ಸಿಗುವ ಜಾಗ. ಕುವೈತಿನ ರಾಷ್ಟ್ರೀಯ ದಿನ ಹತ್ತಿರವಾದಂತೆ ಅಲ್ಲಿ ಕಾರಿಗೆ ಸಿಕ್ಕಿಸುವ ಬಾವುಟ, ಬಾಲ್ಕನಿಗೆ ಕಟ್ಟುವ ಬಾವುಟ, ಮಕ್ಕಳ ಹೆಗಲಿಗೆ ಹೊದಿಸುವ ಬಾವುಟ ಎಲ್ಲ ಬರುತ್ತವೆ. ಈ ಸಲ ಹಾಲು ತರಲು ಹೋದವಳು ಮಗಳ ಹಟಕ್ಕೆ ಒಂದು ಪೊಟ್ಟಣ ತಂದೆ. ಮನೆಯಲ್ಲಿ ಬಿಚ್ಚಿದಾಗ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಯಾಕೋ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ನಿಂತುಬಿಟ್ಟೆ.

"ಅಮ್ಮಾ, ವೈ ಆರ್ ಯೂ ಸ್ಮೆಲಿಂಗ್ ಇಟ್?" ಎಂದು ಮಗಳು ನಕ್ಕಳು.

ನಾನು ಹುಡುಕುತ್ತಿದ್ದದ್ದು ಆ ವಾಸನೆಯನ್ನಲ್ಲ. ಬಾವುಟ ಎಂದರೆ ನನ್ನ ಮೂಗಿಗೆ ನೆನಪಿರುವುದು ನುಸಿಗುಳಿಗೆಯ ಘಾಟು, ಹಳೆಯ ರೇಷ್ಮೆಯ ಒಣ ವಾಸನೆ, ಜೊತೆಗೆ ಪಕ್ಕದ ಅಡುಗೆಮನೆಯಿಂದ ಬರುತ್ತಿದ್ದ ಏಲಕ್ಕಿ ಚಹಾ... ಎದುರು ಮನೆಯ ಖಾಲಾ ಅವರ ಹಜಾರದ ವಾಸನೆ.

ಖಾಲಾ ಎಂದರೆ ಚಿಕ್ಕಮ್ಮ. ನಮ್ಮ ಕಟ್ಟಡದವರೆಲ್ಲ, ಈಜಿಪ್ಟಿನ ಕಾವಲುಗಾರನೂ ಸೇರಿ, ಅವರನ್ನು ಹಾಗೇ ಕರೆಯುತ್ತಿದ್ದರು. ಮೈಸೂರಿನವರು. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿ ಕಲಿಸುತ್ತಿದ್ದರು. ಗಂಡ ಕುವೈತಿನಲ್ಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಹೈದರಾಬಾದು ಸೇರಿದ್ದಳು. ನಾನು ಮದುವೆಯಾಗಿ ಹಾಸನದಿಂದ ಬಂದ ಹೊಸತು. ನನ್ನವರು ಅಹ್ಮದಿಯ ತೈಲ ಕಂಪನಿಯ ಕೆಲಸಕ್ಕೆ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು. ನನಗಿನ್ನೂ ಲ್ಯಾಬಿನ ಕೆಲಸ ಸಿಕ್ಕಿರಲಿಲ್ಲ. ಒಂದು ದಿನ ಸಿಗ್ನಲ್ ಸಿಗದೆ ಮೆಟ್ಟಿಲ ಬಳಿ ನಿಂತು ಊರಿಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಎದುರು ಬಾಗಿಲು ತೆರೆದುಕೊಂಡಿತು.

"ಹಾಸನದ ಕಡೆಯವಳಾ ನೀನು? ಹೂಂ, ಆ 'ಕಣವ್ವಾ' ಕೇಳಿದ ಕೂಡ್ಲೇ ಗೊತ್ತಾಯ್ತು. ಒಳಗೆ ಬಾ ಬೇಟಿ, ನನ್ನ ಮನೇಲಿ ಸಿಗ್ನಲ್ಲೂ ಸಿಗತ್ತೆ, ಚಹಾನೂ ಸಿಗತ್ತೆ."

ಆವತ್ತೇ ನಾನು ಆ ಬಾವುಟವನ್ನು ನೋಡಿದ್ದು. ಹಜಾರದ ಗೋಡೆಯಲ್ಲಿ, ಕಿಟಕಿಯ ಬಿಸಿಲು ತಾಗದ ಕಡೆ, ಗಾಜಿನ ಚೌಕಟ್ಟಿನೊಳಗೆ ಇತ್ತು. ಕೆಂಪು ರೇಷ್ಮೆ, ಬಣ್ಣ ಮಾಸಿ ಹುಣಿಸೆಹಣ್ಣಿನ ಕಡೆಗೆ ತಿರುಗಿತ್ತು. ಒಂದು ತುದಿ ಮೀನಿನ ಬಾಲದಂತೆ ಎರಡಾಗಿ ಸೀಳಿತ್ತು. ಅಂಚಿಗೆ ಜರಿಯ ಜಾಲರಿ. ನಡುವೆ ಎಲೆಗಳ ಹಾರ, ಹಾರದೊಳಗೆ ಒಂದು ಕಿರೀಟ, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಇರಾಕಿನ ಹಳೆಯ ಹೆಸರು, 'ಮೆಸೊಪೊಟೇಮಿಯಾ'. ಅದರಲ್ಲಿ 'ಎಸ್' ಅಕ್ಷರ ಮಾತ್ರ ಹಿಂದುಮುಂದಾಗಿತ್ತು. ಹಳೇ ಕಾಲದ ಇಂಗ್ಲಿಷ್ ಹಾಗೇ ಇರುತ್ತಿತ್ತು ಎಂದು ಖಾಲಾ ಅವರ ತಂದೆ ಹೇಳುತ್ತಿದ್ದರಂತೆ.

ಬಾವುಟದ ಕತೆಯನ್ನು ಖಾಲಾ ಬಂದವರಿಗೆಲ್ಲ ಹೇಳುತ್ತಿದ್ದರು. ನಾನೇ ಎಷ್ಟು ಸಲ ಕೇಳಿದ್ದೆನೋ. ಅವರ ಅಜ್ಜ ಬ್ರಿಟಿಷರ ಕಾಲದ ಒಂದು ಕುದುರೆಪಡೆಯಲ್ಲಿ ನಿಶಾನ್‌ಬರ್ದಾರ್, ಅಂದರೆ ಪಡೆಯ ಬಾವುಟ ಹಿಡಿಯುವ ಸವಾರ. ಮೊದಲನೇ ಮಹಾಯುದ್ಧದಲ್ಲಿ ಪಡೆಯನ್ನು ಹಡಗು ಹತ್ತಿಸಿ ಇರಾಕಿನ ಬಸ್ರಾಕ್ಕೆ ಕಳಿಸಿದರು. ಮನೆಯಲ್ಲಿ ಎಳೆಯ ಹೆಂಡತಿ, ತೊಟ್ಟಿಲಲ್ಲಿ ಕೂಸು. ಯುದ್ಧದಲ್ಲಿ ಕುದುರೆ ಬಿತ್ತು, ಅಜ್ಜನಿಗೂ ಗುಂಡು ತಾಗಿತು. ಶತ್ರುವಿನ ಕೈಗೆ ಸಿಗಬಾರದೆಂದು ಬಾವುಟವನ್ನು ಕೋಲಿನಿಂದ ಬಿಡಿಸಿ ಅಂಗಿಯೊಳಗೆ ಎದೆಗೆ ಸುತ್ತಿಕೊಂಡರು. ಆಮೇಲೆ ಜೊತೆಯ ಸವಾರನೊಬ್ಬ ಅದನ್ನು ಜೋಪಾನವಾಗಿ ತಂದು ಮೈಸೂರಿನಲ್ಲಿ ಹೆಂಡತಿಯ ಕೈಗೆ ಕೊಟ್ಟ. ಅಜ್ಜ ಬರಲಿಲ್ಲ, ಬಾವುಟ ಬಂತು.

"ಇಲ್ಲೇ ಬೇಟಿ," ಎಂದು ಖಾಲಾ ಕೊನೆಯಲ್ಲಿ ಉತ್ತರದ ಕಿಟಕಿಯ ಕಡೆ ಕೈ ತೋರಿಸುತ್ತಿದ್ದರು. "ಜಹ್ರಾ ದಾಟಿ ಹಾಗೇ ಹೋಗ್ತಾ ಇದ್ರೆ ಬಸ್ರಾ. ನನ್ನ ದಾದಾ ಮಣ್ಣಾದ ಜಾಗಕ್ಕೆ ಇಷ್ಟು ಹತ್ತಿರ ನಮ್ಮ ಮನೇಲಿ ಬೇರೆ ಯಾರೂ ಬಂದಿಲ್ಲ."

ಅವರ ತಂದೆ ಸಾಯುವ ಮುಂಚೆ ಬಾವುಟವನ್ನು ಮಗನಿಗೆ ಕೊಡದೆ ಮಗಳಿಗೆ ಕೊಟ್ಟಿದ್ದರು. ಸೂಜಿ ಹಿಡಿಯುವವಳ ಹತ್ತಿರ ಇದ್ದರೆ ಬಟ್ಟೆ ಬಾಳುತ್ತದೆ ಎಂದಿದ್ದರಂತೆ. ಮೈಸೂರಿನಲ್ಲಿದ್ದ ತಮ್ಮನಿಗೆ ಅದೊಂದು ಕೊರಗು. ಊರಿಗೆ ಹೋದಾಗಲೆಲ್ಲ, "ಆಪಾ, ಬಾವುಟ ಹೇಗಿದೆ?" ಎಂದೇ ಮೊದಲು ಕೇಳುತ್ತಿದ್ದರಂತೆ.

ಒಂದು ವರ್ಷ ನಮ್ಮ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಒಂದು ಪ್ರದರ್ಶನ ಇಡಬೇಕೆಂದು ಹೊರಟರು. ಊರಿನಿಂದ ತಂದ ಹಳೆಯ ವಸ್ತುಗಳನ್ನು ಮನೆಮನೆಯವರು ತಂದು ಶಾಲೆಯ ಸಭಾಂಗಣದಲ್ಲಿಡುವುದು, ಪಕ್ಕದಲ್ಲಿ ನಾಲ್ಕು ಸಾಲು ಬರೆದಿಡುವುದು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳೂರಿನ ಬ್ಯಾರಿ ಕುಟುಂಬವೊಂದು ಅಜ್ಜಿಯ ಅಡಕೆ ಕತ್ತರಿ ಕೊಟ್ಟಿತು; ಒಬ್ಬರು ಹಿತ್ತಾಳೆಯ ತಂಬಿಗೆ, ಇನ್ನೊಬ್ಬರು ಮರದ ಚೆನ್ನೆಮಣೆ ಕೊಟ್ಟರು. ಆದರೆ ಎಲ್ಲರ ಬಾಯಲ್ಲೂ ಖಾಲಾ ಮನೆಯ ಬಾವುಟದ ಮಾತೇ. ಅದನ್ನು ಸಭಾಂಗಣದ ನಟ್ಟನಡುವೆ ಇಡುವುದೆಂದು ಕಾರ್ಯದರ್ಶಿ ಆಗಲೇ ಹೇಳಿಬಿಟ್ಟಿದ್ದ. ಉದ್ಘಾಟನೆಗೆ ಒಬ್ಬ ನಿವೃತ್ತ ಕರ್ನಲ್ ಸಿಕ್ಕರು. ಕೊಡಗಿನವರು, ಮಗಳ ಮನೆಗೆಂದು ಕುವೈತಿಗೆ ಬಂದಿದ್ದರು. ಹಿಂದೆ ಕುದುರೆಪಡೆಯಾಗಿದ್ದು ಆಮೇಲೆ ಟ್ಯಾಂಕುಗಳಿಗೆ ಬದಲಾದ ರೆಜಿಮೆಂಟೊಂದರಲ್ಲಿ ಇದ್ದವರು. ಬಾವುಟವನ್ನು ಮೊದಲೇ ಒಮ್ಮೆ ನೋಡಬೇಕು ಎಂದು ಅವರೇ ಕೇಳಿಕೊಂಡರು.

ಒಂದು ಶುಕ್ರವಾರ ಸಂಜೆ ಬಂದರು. ಎತ್ತರದ ಆಳು, ಕೈಯಲ್ಲಿ ಊರುಗೋಲು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಖಾಲಾ ಬೆಳಿಗ್ಗೆಯಿಂದ ಗಾಜು ಒರೆಸಿ ಒರೆಸಿ ಹೊಳೆಯಿಸಿದ್ದರು. ಕರ್ನಲ್ ಚೌಕಟ್ಟಿನ ಮುಂದೆ ನಿಂತರು. ಕನ್ನಡಕ ಹಾಕಿಕೊಂಡರು. ಹತ್ತಿರ ಹೋದರು. ಖಾಲಾ ಅದೇ ಕತೆಯನ್ನು ಅದೇ ಉತ್ಸಾಹದಲ್ಲಿ ಹೇಳುತ್ತಿದ್ದರು... ಕುದುರೆ ಬಿದ್ದದ್ದು, ಗುಂಡು ತಾಗಿದ್ದು, ಎದೆಗೆ ಸುತ್ತಿಕೊಂಡದ್ದು. ಮುಗಿದ ಮೇಲೆ ಕರ್ನಲ್ ಕನ್ನಡಕ ತೆಗೆದು ಒರೆಸಿದರು.

"ಚೆನ್ನಾಗಿದೆ ಅಮ್ಮ," ಎಂದರು. "ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ."

ಚಹಾ ಬಂತು. ಅವರು ಕೊಡಗಿನ ಚಳಿಯ ಬಗ್ಗೆ, ಮೊಮ್ಮಕ್ಕಳ ಬಗ್ಗೆ ಮಾತಾಡಿದರು. ಖಾಲಾ ಅವರನ್ನೇ ನೋಡುತ್ತಿದ್ದರು.

"ಕರ್ನಲ್ ಸಾಹೇಬ್, ನಾನು ಜೀವನವೆಲ್ಲ ಕ್ಲಾಸಿನಲ್ಲಿ ನಿಂತವಳು. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿ ಕೂತಿರೋ ಮುಖ ಹೇಗಿರತ್ತೆ ಅಂತ ನನಗೆ ಗೊತ್ತು. ಏನು ವಿಷಯ?"

"ಏನಿಲ್ಲ ಅಮ್ಮ. ಬಿಡಿ."

"ಹೇಳಿ. ನನ್ನ ಮನೆಯ ವಸ್ತು. ನನಗೆ ಗೊತ್ತಿರಬೇಕು."

ಕರ್ನಲ್ ಲೋಟ ಕೆಳಗಿಟ್ಟರು. ಬಹಳ ಮೆಲ್ಲಗೆ, ಒಂದೊಂದೇ ಮಾತು ಆರಿಸಿ ಹೇಳಿದರು. ಕುದುರೆಪಡೆಯ ಬಾವುಟ ಹೀಗೇ ಚಿಕ್ಕದಾಗಿ, ಬಾಲ ಸೀಳಿಕೊಂಡು ಇರುತ್ತಿದ್ದದ್ದು ನಿಜ. ಓಡುವ ಕುದುರೆಯ ಮೇಲೆ ಒಂದೇ ಕೈಯಲ್ಲಿ ಹಿಡಿಯಬೇಕಲ್ಲ. ಆದರೆ ಆ ಮಹಾಯುದ್ಧದ ಹೊತ್ತಿಗೆ ಪಡೆಯ ಬಾವುಟಗಳನ್ನು ರಣರಂಗಕ್ಕೆ ಒಯ್ಯುವ ಪದ್ಧತಿಯೇ ನಿಂತುಹೋಗಿತ್ತು. ಊರಲ್ಲೇ ಬಿಟ್ಟು ಹೋಗುತ್ತಿದ್ದರು.

"ನಮ್ಮ ದಾದಾ ಒಯ್ದಿರಬಹುದಲ್ವಾ?"

"ಇರಬಹುದಿತ್ತು ಅಮ್ಮ." ಕರ್ನಲ್ ಗೋಡೆಯ ಕಡೆ ನೋಡಿದರು. "ಆದರೆ ಅದರ ಮೇಲೆ ಮೆಸೊಪೊಟೇಮಿಯಾ ಅಂತ ಹೊಲಿದಿದೆ. ಯುದ್ಧ ಮಾಡಿದ ಜಾಗದ ಹೆಸರನ್ನ ಬಾವುಟದ ಮೇಲೆ ಹಾಕಿಕೊಳ್ಳೋದು ಒಂದು ಗೌರವ. ಅದನ್ನ ಕೊಡೋದು ಯುದ್ಧ ಎಲ್ಲ ಮುಗಿದು ವರ್ಷಗಳಾದ ಮೇಲೆ. ನಿಮ್ಮ ಅಜ್ಜ ಆ ಯುದ್ಧದಲ್ಲೇ ಇದನ್ನ ಎದೆಗೆ ಸುತ್ತಿಕೊಂಡಿದ್ದರೆ, ಆ ಹೆಸರು ಆಗಲೇ ಅದರ ಮೇಲೆ ಹೇಗೆ ಬಂತು?"

ಅಷ್ಟು ಸರಳವಾದ ವಿಷಯ. ಅವರ ತಂದೆಗೆ, ತಮ್ಮನಿಗೆ, ಬಂದು ನೋಡಿ ಹೋದ ನೂರಾರು ಜನಕ್ಕೆ, ನನಗೆ, ಯಾರಿಗೂ ಹೊಳೆದಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕರ್ನಲ್ ಹೇಳಿದರು: "ನಾನು ಎಲ್ಲೂ ಏನೂ ಹೇಳೋದಿಲ್ಲ ಅಮ್ಮ. ಉದ್ಘಾಟನೆಯ ದಿನ ನಿಮ್ಮ ಕತೆಯನ್ನೇ ನಾನೂ ಹೇಳ್ತೇನೆ. ಯಾರಿಗೂ ನಷ್ಟವಿಲ್ಲ."

ಖಾಲಾ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಒಂದೆರಡು ದಿನ ಅವರ ಬಾಗಿಲು ತೆರೆಯಲಿಲ್ಲ. ಆಮೇಲೆ ನನ್ನನ್ನು ಕರೆದರು. ಚೌಕಟ್ಟು ಊಟದ ಮೇಜಿನ ಮೇಲಿತ್ತು, ಕೆಳಗೆ ಬಿಳಿಯ ದುಪ್ಪಟಿ ಹಾಸಿತ್ತು. "ಒಂದು ಕಡೆ ಹಿಡ್ಕೊ ಬೇಟಿ." ಹಿಂಬದಿಯ ಹಲಗೆಯ ಸಣ್ಣ ಮೊಳೆಗಳನ್ನು ಒಂದೊಂದಾಗಿ ಮೀಟಿ ತೆಗೆದೆವು. ಅವರ ತಂದೆ ಚೌಕಟ್ಟು ಹಾಕಿಸಿದ ಮೇಲೆ ಯಾರೂ ಅದನ್ನು ತೆರೆದಿರಲಿಲ್ಲ. ಬಾವುಟವನ್ನು ಎತ್ತಿ ಮಗುಚಿ ಮಲಗಿಸಿದಾಗ, ಅದರ ಹಿಂಬದಿಯನ್ನು ಖಾಲಾ ಜೀವನದಲ್ಲಿ ಮೊದಲ ಸಲ ನೋಡಿದರು.

ಹಿಂಬದಿ ಮುಂಬದಿಯಷ್ಟೇ ಚೊಕ್ಕವಾಗಿತ್ತು. ಒಂದು ಗಂಟಿಲ್ಲ, ಜೋತುಬಿದ್ದ ಒಂದು ಎಳೆಯಿಲ್ಲ. ದಾರದ ಕೊನೆಗಳನ್ನೆಲ್ಲ ಹೊಲಿಗೆಯ ಕೆಳಗೇ ಹಿಂದಕ್ಕೆ ನುಗ್ಗಿಸಿ ಮುಚ್ಚಿದ್ದರು. ಅಲ್ಲಿಂದ ನೋಡಿದರೆ ಬೇರೆ ಅಕ್ಷರಗಳು ತಿರುವುಮುರುವಾಗಿ, ಆ ತಪ್ಪು 'ಎಸ್' ಮಾತ್ರ ಸರಿಯಾಗಿ ಕಾಣುತ್ತಿತ್ತು.

ಖಾಲಾ ಕುರ್ಚಿ ಎಳೆದು ಕುಳಿತರು.

"ಇದು ನನ್ನ ದಾದಿಯ ಕೈ," ಎಂದರು.

ಶಾಲೆಯಲ್ಲಿ ಹುಡುಗಿಯರು ಕಸೂತಿ ತೋರಿಸಲು ಬಂದರೆ ಖಾಲಾ ಮುಂಬದಿಯನ್ನು ನೋಡುತ್ತಲೇ ಇರಲಿಲ್ಲ. ಹಿಂದೆ ತಿರುಗಿಸು ಎನ್ನುತ್ತಿದ್ದರು. ಗಂಟು ಕಂಡರೆ ಬಿಚ್ಚಿಸುತ್ತಿದ್ದರು. ಅದನ್ನು ಅವರಿಗೆ ಕಲಿಸಿದ್ದು ಅಪ್ಪನ ತಾಯಿ, ಆ ದಾದಿ. ಗಂಡ ಬಾರದೆ ಉಳಿದ ಮೇಲೆ ಹೊಲಿಗೆಯಿಂದಲೇ ಮಗನನ್ನು ಸಾಕಿದಾಕೆ. ದಾರದ ಕೊನೆಯನ್ನು ಆಕೆ ಒಂದು ರೀತಿಯಲ್ಲಿ ಅಡಗಿಸುತ್ತಿದ್ದರು, ಎರಡು ಹೊಲಿಗೆ ಹಿಂದೆ ಹೋಗಿ ಪಕ್ಕಕ್ಕೆ ತಿರುಗಿ. ಅದು ಬೇರೆ ಯಾರಿಗೂ ಬರುತ್ತಿರಲಿಲ್ಲ, ಖಾಲಾ ಒಬ್ಬರನ್ನು ಬಿಟ್ಟು.

ರೇಷ್ಮೆಯ ಅಂಚನ್ನು ಅವರು ಬೆರಳಲ್ಲಿ ಸವರಿದರು. ಜಾಲರಿ ಹೊಲಿದ ಕಡೆ ಮಡಿಕೆಯೊಳಗೆ ಬಣ್ಣ ಮಾಸಿರಲಿಲ್ಲ. ಕಡುಗೆಂಪು, ಅದರಲ್ಲಿ ಚಿಕ್ಕ ಚಿಕ್ಕ ಬುಟ್ಟಾ. "ಮದುವೆ ದುಪಟ್ಟಾ. ಕಷ್ಟದ ದಿನದಲ್ಲಿ ಮಾರಿಬಿಟ್ಟೆ ಅಂತ ನಮಗೆ ಹೇಳ್ತಿದ್ರು..."

ಖಾಲಾ ಅತ್ತರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಯಾವುದೋ ಹಳೆಯ ವಿಷಯವನ್ನು ತಮ್ಮೊಳಗೇ ಜೋಡಿಸುತ್ತಿರುವವರಂತೆ ಗೋಡೆಯ ಖಾಲಿ ಜಾಗ ನೋಡುತ್ತ ಕೂತಿದ್ದು, ಆಮೇಲೆ ಹೇಳಿದರು. ಅಜ್ಜ ಸತ್ತ ಸುದ್ದಿ ಸರಿಯಾಗಿ ಬಂದಿರಲೇ ಇಲ್ಲವಂತೆ. ಪತ್ತೆಯಿಲ್ಲ ಎಂದಷ್ಟೇ ತಿಳಿದಿತ್ತು. ಕೇರಿಯಲ್ಲಿ ಜನ ಆಡಿಕೊಂಡರು: ಸತ್ತಿಲ್ಲ, ಪಡೆ ಬಿಟ್ಟು ಓಡಿಹೋಗಿದ್ದಾನೆ, ಬಸ್ರಾದಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಖಾಲಾ ಅವರ ತಂದೆ ಚಿಕ್ಕವರಿದ್ದಾಗ ಜೊತೆಯ ಹುಡುಗರು 'ಭಗೋಡೇ ಕಾ ಬೇಟಾ', ಓಡಿಹೋದವನ ಮಗ, ಎಂದು ಕೂಗುತ್ತಿದ್ದರಂತೆ. ಒಂದು ದಿನ ಅಳುತ್ತ ಮನೆಗೆ ಬಂದಿದ್ದರು. ಅದಾದ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ಎದ್ದಾಗ ಗೋಡೆಯ ಮೇಲೆ ಬಾವುಟ ಇತ್ತು. ಅದನ್ನು ತಂದುಕೊಟ್ಟ ಸವಾರನನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ.

"ದಾದಿ ದಸರೆಯಲ್ಲಿ ಕುದುರೆ ಸವಾರರ ಮೆರವಣಿಗೆ ನೋಡಿದ್ರಲ್ಲ, ಅದನ್ನ ನೆನಪಿಟ್ಕೊಂಡು ಹೊಲಿದಿರಬೇಕು," ಎಂದರು. "ಇಂಗ್ಲಿಷ್ ಬರ್ತಿರಲಿಲ್ಲ. ಅಕ್ಷರಗಳನ್ನ ಎಲ್ಲಿಂದ ನೋಡಿ ಬಿಡಿಸಿದರೋ..."

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಎದುರಿಗೆ ಖಾಲಾ. ಕೈಗೆ ಗೋಧಿಹಿಟ್ಟು ಮೆತ್ತಿತ್ತು. ಚಪಾತಿ ನಾದುತ್ತಿದ್ದವರು ಹಾಗೇ ಎದ್ದು ಬಂದಿದ್ದರು.

"ಅದು ಕಿರೀಟ ಅಲ್ಲ ಬೇಟಿ. ನಾವೆಲ್ಲ ಕಿರೀಟ ಅಂದ್ಕೊಂಡಿದ್ವಿ. ಕೆಳಗೆ ಎಳೆಗಳು ಇಳಿಬಿದ್ದಿವೆ ನೋಡು. ಅದು ಸೆಹ್ರಾ."

ಮದುವೆಯ ದಿನ ಗಂಡಿನ ಹಣೆಗೆ ಕಟ್ಟುವ, ಮುಖದ ಮೇಲೆ ಇಳಿಬೀಳುವ ಹೂವಿನ ಎಳೆಗಳ ಬಾಸಿಂಗ. ಚಕ್ರವರ್ತಿಯ ಕಿರೀಟ ಇರಬೇಕಾದ ಜಾಗದಲ್ಲಿ ಆಕೆ ಗಂಡನ ಸೆಹ್ರಾ ಹೊಲಿದಿದ್ದರು. ಆಗ, ಆ ಮಾತು ಹೇಳಿದ ಮೇಲೆ, ಖಾಲಾ ನನ್ನ ಬಾಗಿಲಲ್ಲೇ ನಿಂತು ಅತ್ತರು.

ಪ್ರದರ್ಶನಕ್ಕೆ ಕೆಲವೇ ದಿನ ಉಳಿದಿತ್ತು. ಬಾವುಟವನ್ನು ವಾಪಸ್ ಚೌಕಟ್ಟಿಗೆ ಹಾಕಿ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಹಾಗೆಂದು ಹೇಳಿದೆ ಕೂಡ. ಅವರಿಗಿದ್ದ ಕಷ್ಟ ಬೇರೆ. ಅಜ್ಜ ಓಡಿಹೋದವರಲ್ಲ ಎಂಬುದಕ್ಕೆ ಮನೆಯಲ್ಲಿದ್ದ ಸಾಕ್ಷಿ ಅದೊಂದೇ. ಅದೂ ದಾದಿಯೇ ಹೊಲಿದದ್ದಾದರೆ? ಕರ್ನಲ್‌ಗೆ ಫೋನ್ ಮಾಡಿ ಕೇಳಿದರು, ಬಸ್ರಾದಲ್ಲಿ ಸತ್ತವರ ಹೆಸರು ಎಲ್ಲಾದರೂ ಸಿಗುತ್ತದಾ ಎಂದು. ಅಲ್ಲೊಂದು ಸ್ಮಾರಕದ ಗೋಡೆ ಇದೆಯಂತೆ, ಅದರ ಮೇಲೆ ಅಧಿಕಾರಿಗಳ ಹೆಸರು ಕೆತ್ತಿದೆಯಂತೆ, ನಮ್ಮ ಸವಾರರದು ಸಿಪಾಯಿಗಳದು ಇಷ್ಟು ಜನ ಎಂದು ಬರೀ ಸಂಖ್ಯೆಯಂತೆ. ಕರ್ನಲ್ ಅದನ್ನು ಹೇಳುವಾಗ ದನಿ ತಗ್ಗಿಸಿದ್ದು ನನಗೆ ಸ್ಪೀಕರಿನಲ್ಲೂ ಕೇಳಿತು.

ಫೋನಿಟ್ಟ ಮೇಲೆ ಖಾಲಾ ಹೇಳಿದರು: "ಬಾವುಟದ ಮೇಲೆ ಊರಿನ ಹೆಸರು ಬರತ್ತೆ, ರಾಜನ ಕಿರೀಟ ಬರತ್ತೆ. ಹೋದವನ ಹೆಸರೂ ಇಲ್ಲ, ಹೊಲಿದವಳ ಹೆಸರೂ ಇಲ್ಲ. ದಾದಾ ಏನಾದರೋ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ದಾದಿ ಏನು ಮಾಡಿದರು ಅನ್ನೋದು ಗೊತ್ತಾಗಿದೆ. ಗೊತ್ತಿರೋದನ್ನೂ ಮುಚ್ಚಿಡಲಾ?"

ಸಭಾಂಗಣದಲ್ಲಿ ಬಾವುಟವನ್ನು ಹಿಂಬದಿ ಜನರಿಗೆ ಕಾಣುವಂತೆ ತೂಗುಹಾಕಿಸಿದರು. ಪಕ್ಕದ ಕಾಗದಕ್ಕೆ ಅವರು ಹೇಳಿದಂತೆಯೇ ನಾನು ಬರೆದೆ: "ಇದನ್ನು ನನ್ನ ಅಜ್ಜಿ ತನ್ನ ಮದುವೆಯ ದುಪಟ್ಟಾದಿಂದ ಹೊಲಿದರು. ಇದು ಯಾವ ಯುದ್ಧವನ್ನೂ ನೋಡಿಲ್ಲ." ಕೆಳಗೆ ಅಜ್ಜಿಯ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವ ಹಕ್ಕು ನನ್ನದಲ್ಲ.

ಕಾರ್ಯದರ್ಶಿ ಅದನ್ನು ಓದಿ ಗಾಬರಿಯಾದ. "ಏನ್ ಖಾಲಾ ಇದು? ಪೋಸ್ಟರ್ ಎಲ್ಲ ಪ್ರಿಂಟಾಗಿದೆ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಲ್ಲಪ್ಪ," ಎಂದರು ಅವರು.

ಜನ ಬಂದರು. ಮೆಸೊಪೊಟೇಮಿಯಾದ ಯುದ್ಧದಿಂದ ಬಂದ ಬಾವುಟ ನೋಡಲೆಂದು ಮಕ್ಕಳನ್ನು ಕರೆದುಕೊಂಡು ಬಂದವರು ಕಾಗದ ಓದಿ ಸಪ್ಪಗಾದರು. ಯಾರೋ, "ಡೂಪ್ಲಿಕೇಟ್ ಮಾಲು," ಎಂದದ್ದು, ಅದಕ್ಕೆ ಇನ್ಯಾರೋ ನಕ್ಕದ್ದು ಎರಡೂ ಕೇಳಿದವು. ಖಾಲಾ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಖ ಬಿಳುಚಿತ್ತು. ಆದರೂ ಎದ್ದು ಹೋಗಲಿಲ್ಲ. ಅವರ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೆಲವರು ಬಂದು ಬಾವುಟದ ಹಿಂಬದಿಗೆ ಕಣ್ಣು ತಾಗಿಸುವಷ್ಟು ಬಗ್ಗಿ ನೋಡಿ, ಒಬ್ಬರನ್ನೊಬ್ಬರು ಕರೆದು ತೋರಿಸಿದರು.

ಕರ್ನಲ್ ಭಾಷಣಕ್ಕೆ ನಿಂತರು.

"ನಾನು ಒಂದು ರೆಜಿಮೆಂಟಿನ ಬಾವುಟಕ್ಕೆ ನನ್ನ ಯೌವನವೆಲ್ಲ ಸಲ್ಯೂಟ್ ಹೊಡೆದವನು," ಎಂದರು. "ಅದರ ಮೇಲೆ ಇರುವ ಒಂದೊಂದು ಊರಿನ ಹೆಸರೂ ನನಗೆ ಬಾಯಿಪಾಠ. ಅದನ್ನ ಹೊಲಿದವರು ಯಾರು ಅಂತ ಒಂದು ದಿನವೂ ಕೇಳಲಿಲ್ಲ. ಈ ಬಾವುಟ ಹೊಲಿದವರ ಹೆಸರು ಇವತ್ತು ಗೊತ್ತಾಯಿತು." ಆಮೇಲೆ ಆ ಹೆಸರನ್ನು ಮೈಕಿನಲ್ಲಿ ಓದಿದರು. ತಪ್ಪಾಗಬಾರದೆಂದು ನಿಧಾನವಾಗಿ, ಎರಡು ಸಲ ಓದಿದರು.

ಖಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಲ್ಲಿಗೆ ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಕಾಗದದ ಫೋಟೋ ವಾಟ್ಸಾಪಿನಲ್ಲಿ ಓಡಾಡಿ ಮೈಸೂರು ತಲುಪಿತು. ತಮ್ಮನ ಫೋನ್ ಬಂದಾಗ ನಾನು ಅಲ್ಲೇ ಇದ್ದೆ. "ಅಬ್ಬಾಜಾನ್ ಆ ಬಾವುಟದ ಮುಂದೆ ತಲೆ ಎತ್ತಿ ಬದುಕಿದರು ಆಪಾ! ನೀನು ಅವರು ಸತ್ತ ಮೇಲೆ ಅವರನ್ನ ಮತ್ತೆ ಭಗೋಡಾನ ಮಗ ಮಾಡಿದೆ." ಖಾಲಾ ಏನೋ ಹೇಳಲು ಹೋದರು. ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು. ಮುಂದಿನ ಈದ್‌ಗೆ ಖಾಲಾ ಮಾಡಿದ ಕರೆಯನ್ನು ಎತ್ತಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

"ತಪ್ಪು ಮಾಡಿದೆನಾ ಬೇಟಿ?" ಎಂದು ಒಮ್ಮೆ ಕೇಳಿದರು. ನಾನು ಇಲ್ಲ ಎಂದೆ. ಅವರಿಗೆ ಅದು ಸಾಕಾದಂತೆ ಕಾಣಲಿಲ್ಲ.

ಕೆಲವು ವರ್ಷಗಳ ಮೇಲೆ ಶಾಲೆಯಿಂದ ನಿವೃತ್ತರಾದರು. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ಊರು. ಇಲ್ಲಿ ನಮ್ಮೆಲ್ಲರ ಹಣೆಬರಹವೂ ಅಷ್ಟೇ. ಸಾಮಾನು ಕಟ್ಟುವಾಗ ನಾನು ಸಹಾಯಕ್ಕೆ ಹೋಗಿದ್ದೆ. ಬಾವುಟವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡರು. ವಿಮಾನದ ಹೊಟ್ಟೆಗೆ ಹಾಕಲು ಮನಸ್ಸಿರಲಿಲ್ಲ. "ನಾವೂ ಅವರ ಹಾಗೇ ಬಂದವರಲ್ವಾ," ಎಂದರು. "ಅದೇ ಸಮುದ್ರ ದಾಟಿ, ಯಾರದೋ ಕೆಲಸಕ್ಕೆ. ನಾವು ವಾಪಸ್ ಹೋಗ್ತೀವಿ, ಅಷ್ಟೇ." ವಿಮಾನ ನಿಲ್ದಾಣದಲ್ಲಿ ನನ್ನ ಮಗಳ ಹಣೆಗೆ ಮುತ್ತಿಟ್ಟು ತಿರುಗಿ ನೋಡದೆ ಒಳಗೆ ನಡೆದರು.

ಮೈಸೂರಿಗೆ ಹೋದ ಮೇಲೂ ತಮ್ಮ ಬಹಳ ಕಾಲ ಬರಲಿಲ್ಲವಂತೆ. ಒಂದೇ ಊರು, ಎರಡು ಕೇರಿಗಳ ಅಂತರ. ಒಂದು ಮಧ್ಯಾಹ್ನ ಮಗನ ಕೈ ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋಗಿತ್ತು. ಅದು ಖಾಲಾ ಅವರಿಗೆ ಗೊತ್ತೇ ಇರಲಿಲ್ಲ. "ತೋರಿಸು," ಎಂದರಂತೆ. ಅಕ್ಕ ಬಾವುಟವನ್ನು ಅವರ ತೊಡೆಯ ಮೇಲೆ ಮಗುಚಿ ಹರಡಿದರು. ಅವರು ಬೆರಳಿನಿಂದ ಹಿಂಬದಿಯನ್ನೆಲ್ಲ ಸವರಿದರು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮತ್ತೆ ವಾಪಸ್. ಆ ದಾದಿ ಅವರನ್ನೂ ಎತ್ತಿ ಆಡಿಸಿದವರೇ ಅಲ್ಲವೇ, ಅವರ ಅಂಗಿಗಳನ್ನೂ ಹೊಲಿದವರೇ.

"ಗಂಟೇ ಇಲ್ಲ ಆಪಾ," ಎಂದು ಅವರು ಅಂದರಂತೆ. ಊಟ ಮಾಡಿಕೊಂಡು ಹೋದರು. ಆಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಅಕ್ಕನ ಮನೆಗೇ ಊಟಕ್ಕೆ ಬರುತ್ತಿದ್ದರು. ಇದನ್ನೆಲ್ಲ ಖಾಲಾ ನನಗೆ ಫೋನಿನಲ್ಲಿ ಹೇಳಿದರು. ದನಿಯಲ್ಲಿ ಎಷ್ಟೋ ವರ್ಷಗಳಿಂದ ಕೇಳದ ಒಂದು ಹಗುರತನ...

ಕಳೆದ ಬೇಸಿಗೆಯಲ್ಲಿ ಖಾಲಾ ಹೋದರು. ಆ ಸುದ್ದಿ ಹೇಳಲು ಆ ತಮ್ಮನೇ ಫೋನ್ ಮಾಡಿದ್ದರು. ನನ್ನ ನಂಬರನ್ನು ಯಾರಿಂದಲೋ ಒತ್ತಿಸಿಕೊಂಡು. ಹೆಚ್ಚು ಮಾತಾಡಲಾಗಲಿಲ್ಲ. ಬಾವುಟ ಈಗ ಅವರ ಮನೆಯಲ್ಲಿದೆಯಂತೆ. ರೇಷ್ಮೆ ಮಡಿಕೆಗಳಲ್ಲಿ ಬಿರುಕು ಬಿಡುತ್ತಿದೆಯಂತೆ. ಅದನ್ನು ಸರಿಮಾಡಬಲ್ಲ ಕೈ ಮನೆಯಲ್ಲಿ ಈಗ ಯಾರದೂ ಇಲ್ಲ.

ಈ ಚಳಿಗಾಲದಲ್ಲಿ ನಾವು ಜಹ್ರಾದಲ್ಲಿ ಒಬ್ಬ ಸ್ನೇಹಿತರ ಮನೆಗೆ ಹೋಗಿದ್ದೆವು. ಹಿಂದಿರುಗುವಾಗ, ಇನ್ನಷ್ಟು ಮುಂದೆ ಹೋಗೋಣ ಎಂದು ನಾನೇ ನನ್ನವರಿಗೆ ಹೇಳಿದೆ. ಇರಾಕಿನ ಗಡಿಯ ಕಡೆಗೆ ಹೋಗುವ ರಸ್ತೆ. ಎರಡೂ ಬದಿಗೆ ಮರಳುಗಾಡು, ಅಲ್ಲಲ್ಲಿ ಕುವೈತಿಗಳ ಚಳಿಗಾಲದ ಗುಡಾರಗಳು, ಒಂಟೆಗಳು. ಒಂದು ಕಡೆ ಕಾರು ನಿಲ್ಲಿಸಿ ಇಳಿದೆ. ಗಾಳಿ ತಣ್ಣಗಿತ್ತು. ಎದುರಿಗೆ ಯಾವ ಗುರುತೂ ಇಲ್ಲದ ನೆಲ ದೂರದವರೆಗೆ ಹೋಗಿತ್ತು.

ಆ ಕಡೆ ಎಲ್ಲೋ ಒಬ್ಬ ಸವಾರ ಸತ್ತರು. ಅಥವಾ ಓಡಿಹೋಗಿ ಬದುಕಿದರು. ಮಗನಿಗೆ ಅದು ತಿಳಿಯಬೇಕಿತ್ತು, ತಿಳಿಯಲಿಲ್ಲ. ಮೊಮ್ಮಗಳು ಇಷ್ಟು ಹತ್ತಿರ ಬಂದು ಇಷ್ಟು ವರ್ಷ ಇದ್ದರೂ ತಿಳಿಯಲಿಲ್ಲ. ಈಗ ಅವರೂ ಹೋದರು. ಆ ಪ್ರಶ್ನೆಯನ್ನು ಹೊತ್ತುಕೊಂಡು ಈ ದೇಶದಲ್ಲಿ ಉಳಿದಿರುವುದು ನಾನೊಬ್ಬಳೇ ಇರಬೇಕು. ಅವರಿಗೆ ರಕ್ತಸಂಬಂಧವೇ ಇಲ್ಲದ, ಹಾಸನದ ಒಬ್ಬ ಹೆಂಗಸು.

ಸರಕಿನ ಲಾರಿಯೊಂದು ಗಡಿಯ ಕಡೆಗೆ ಹೋಯಿತು. ಅದು ಎಬ್ಬಿಸಿದ ಧೂಳು ಕಣ್ಣಿಗೆ ಬಿತ್ತು ಎಂದು ನನ್ನವರಿಗೆ ಹೇಳಿ, ಕಾರು ಹತ್ತಿದೆ.